ಅಕ್ಕನನ್ನು ಕೇಳಿದ ಸಿಸ್ಟರು

ನಿವೃತ್ತಿಯ ಬೀಳ್ಕೊಡುಗೆಯ ದಿನ ಹಂಚುವ ಕಿರುಹೊತ್ತಿಗೆಗೆ ನಮ್ಮ ಹಿರಿಯ ನರ್ಸ್ ಸಿಸ್ಟರ್ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ನಮ್ಮ ಟ್ರಸ್ಟಿನ ಕಾರ್ಯದರ್ಶಿಗಳು ಹೇಳಿದಾಗ ಒಪ್ಪಿಕೊಂಡೆ. ಬರೆದೂ ಕೊಟ್ಟೆ. ಮರುದಿನ ಅದು ವಾಪಸ್ಸು ಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಹೀಗೆ ಬರೆದಿದ್ದರು: 'ಸ್ವಲ್ಪ ಒರಟಾಯಿತು. ಕರುಣಾಮಯಿ, ತ್ಯಾಗಮಯಿ, ಈ ಧಾಟಿಯಲ್ಲಿ ಇರಲಿ. ಹುಟ್ಟಿದ ಊರು, ಓದು, ಸೇವೆಗೆ ಸೇರಿದ ವರ್ಷ ಸೇರಿಸಿ.'

ಕರುಣಾಮಯಿ ಎಂದರೆ ಸಿಸ್ಟರು ಸುಮ್ಮನಿರುವವರಲ್ಲ. ತ್ಯಾಗಮಯಿ ಎಂದರಂತೂ ಯಾರು ಬರೆದದ್ದು ಎಂದು ಹುಡುಕಿಕೊಂಡು ಬರುತ್ತಾರೆ. ಆ ಎರಡು ಪುಟವನ್ನು ಕೊನೆಗೆ ಬೇರೆ ಯಾರೋ ಬರೆದುಕೊಟ್ಟರು, ಅಚ್ಚೂ ಆಯಿತು. ಅದರಲ್ಲಿರುವ ಹೆಂಗಸನ್ನು ನಾನು ಯಾವತ್ತೂ ನೋಡಿಲ್ಲ. ನಾನು ನೋಡಿದವರ ಬಗ್ಗೆ ಇಲ್ಲಿ ಬರೆಯುತ್ತೇನೆ. ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅದನ್ನು ಮುಚ್ಚಿಟ್ಟು ಬರೆಯಲು ನನಗೆ ಬರುವುದಿಲ್ಲ.

ನಮ್ಮದು ಗುಣವಾಗದ ಕಾಯಿಲೆಯವರನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಜಾಗ. ಊರಿನ ಅಂಚಿನಲ್ಲಿ ಹನ್ನೆರಡು ಹಾಸಿಗೆ. ಬೋರ್ಡಿನ ಮೇಲೆ ಹಾಸ್ಪಿಸ್ ಎಂದು ಬರೆದಿದೆ. ಆಟೋದವರು 'ಕೊನೆ ಆಸ್ಪತ್ರೆ' ಎನ್ನುತ್ತಾರೆ. ಇಲ್ಲಿ ಕಾಯಿಲೆಗೆ ಔಷಧಿ ಇಲ್ಲ, ಕಾಯಿಲೆ ಕೊಡುವ ಕಾಟಕ್ಕೆ ಇದೆ: ನೋವು, ವಾಂತಿ, ಉಬ್ಬಸ, ಹುಣ್ಣಿನ ವಾಸನೆ, ನಿದ್ದೆಗೇಡು. ನಾನು ಇಲ್ಲಿನ ಫಾರ್ಮಸಿಸ್ಟ್. ಮಾತ್ರೆ ಕೊಡುವುದರ ಜೊತೆಗೆ, ರೋಗಿಯನ್ನು ಕರೆತಂದ ಮನೆಯವರಿಗೆ ಇಲ್ಲಿ ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಎಂದು ತಿಳಿಸಿ ಹೇಳುವುದೂ ನನ್ನ ಪಾಲಿಗೆ ಬಂದಿತ್ತು. ಡಾಕ್ಟರು ಬೆಳಿಗ್ಗೆ ಎರಡು ತಾಸು ಬಂದು ಹೋಗುತ್ತಿದ್ದರು. ಉಳಿದ ಹೊತ್ತೆಲ್ಲ ಸಿಸ್ಟರದೇ ಆಡಳಿತ.

ಸಿಸ್ಟರು ಟಿ. ನರಸೀಪುರದ ಕಡೆಯ ಒಕ್ಕಲು ಮನೆಯವರು. ಗಿಡ್ಡ ಆಳು, ಅಗಲ ಅಂಗೈ. ಮೂವತ್ತು ವರ್ಷದಿಂದ ರಾಜೀವನಗರದಲ್ಲಿ ಮನೆ ಮಾಡಿದ್ದರೂ ಮಾತು ಊರಿನದೇ. ರೋಗಿಯ ಹತ್ತಿರ ಹೋದರೆ ಸ್ಟೂಲು ಎಳೆದುಕೊಂಡು, ಸುತ್ತ ನಿಂತ ನೆಂಟರಿಗೆ ಬೆನ್ನು ಹಾಕಿ ಕೂರುತ್ತಿದ್ದರು. ನೆಂಟರು ನನ್ನ ಹತ್ತಿರ ಬಂದು ದೂರುತ್ತಿದ್ದರು: "ಏನ್ರೀ ಆಯಮ್ಮ, ನಾವು ಮಾತಾಡ್ತಿದ್ರೆ ಬೆನ್ನು ತೋರ್ಸಿ ಕೂರ್ತಾರೆ." ನಾನು ಏನೋ ಸಮಾಧಾನ ಹೇಳಿ ಕಳಿಸುತ್ತಿದ್ದೆ. ನನ್ನ ಹನ್ನೊಂದು ವರ್ಷದ ಕೆಲಸದಲ್ಲಿ ಅರ್ಧ ಅವರ ಪರವಾಗಿ ಕ್ಷಮೆ ಕೇಳುವುದರಲ್ಲೇ ಹೋಯಿತು.

ಹಾಗೆ ಕೂತು ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು. "ಈಗ ನಿಮ್ಗೆ ಯಾವ್ದು ಜಾಸ್ತಿ ಕಾಟ ಕೊಡ್ತಾ ಅದೆ?"

ನೋವು ಎಂಬ ಉತ್ತರವೇ ಬರುತ್ತದೆ ಎಂದು ಮೊದಮೊದಲು ನಾನು ತಿಳಿದಿದ್ದೆ. ಹಾಗಿರಲಿಲ್ಲ. ಒಬ್ಬರು ಬೆನ್ನಿನ ತುರಿಕೆ ಎಂದರು. ಒಬ್ಬರು ಫ್ಯಾನಿನ ಕಟಕಟ ಎಂದರು. ಮೇಲುಕೋಟೆ ಕಡೆಯ ಒಬ್ಬ ಯಜಮಾನರು ಸ್ವಲ್ಪ ಹೊತ್ತು ಯೋಚಿಸಿ, "ನನ್ನ ಭಾಮೈದ" ಎಂದರು. ಭಾಮೈದ ಪಕ್ಕದಲ್ಲೇ ಸೇಬು ಹೆಚ್ಚುತ್ತ ಕೂತಿದ್ದ. ಸಿಸ್ಟರು ತಿರುಗಿ, "ನೀವು ಒರಗಡೆ ಇರಿ" ಎಂದರು. ಅವನು ಆಚೆ ಬಂದು ಅರ್ಧ ಗಂಟೆ ನನ್ನ ಮೇಲೆ ಕೂಗಾಡಿದ. ಒಳಗೆ ಯಜಮಾನರು ಎರಡು ದಿನದಲ್ಲಿ ಮೊದಲ ಸಲ ನಿದ್ದೆ ಹೋಗಿದ್ದರು.

ನನ್ನ ಕೊಠಡಿಯನ್ನು ಅವರು ಕಿತ್ತುಕೊಂಡದ್ದೂ ಹೀಗೆಯೇ. ಚಾಮುಂಡಿ ಬೆಟ್ಟದ ಮೇಲೆ ಕುಂಕುಮ, ಬಳೆ ಇಟ್ಟುಕೊಂಡು ಮಾರುತ್ತಿದ್ದ ಒಬ್ಬಾಕೆ ಬಂದು ಸೇರಿದ್ದಳು. ಏನು ಕಾಟ ಎಂದದ್ದಕ್ಕೆ, "ಬೆಟ್ಟ ಕಾಣಲ್ಲವಲ್ಲ ಇಲ್ಲಿಂದ" ಎಂದಳಂತೆ. ಬೆಟ್ಟ ಕಾಣುವ ಕಿಟಕಿ ಇಡೀ ಕಟ್ಟಡದಲ್ಲಿ ಒಂದೇ, ನನ್ನ ಔಷಧಿ ಕೊಠಡಿಯದು. ಮರುದಿನ ನಾನು ಬರುವಷ್ಟರಲ್ಲಿ ನನ್ನ ಮೇಜು ವರಾಂಡದಲ್ಲಿತ್ತು, ಆಕೆಯ ಮಂಚ ನನ್ನ ಕಿಟಕಿಯ ಕೆಳಗಿತ್ತು.

"ಇದು ಸರಿಯಲ್ಲ ಸಿಸ್ಟರ್. ಬೀಗ ಹಾಕಬೇಕಾದ ಔಷಧಿಗಳಿವೆ. ನನ್ನನ್ನ ಒಂದು ಮಾತು ಕೇಳಬೇಕಿತ್ತು" ಎಂದೆ.

"ಬೀರುನೂ ಜೊತೇಲೇ ತಂದಿದ್ದೀವಲ್ಲ ಮಾತ್ರೆ ಸ್ವಾಮಿಗಳೆ, ಬೀಗ ನಿಮ್ಮ ಹತ್ರಾನೇ ಅದೆ. ನಿಮ್ಗೆ ಬೆಟ್ಟ ಯಾಕೆ? ನೀವು ಕಿಟಕಿಗೆ ಕ್ಯಾಲೆಂಡರ್ ತೂಗಾಕಿದ್ರಿ."

ತೂಗು ಹಾಕಿದ್ದು ನಿಜ. ಬಿಸಿಲು ಬರುತ್ತಿತ್ತು. ಆಕೆ ಒಂಬತ್ತು ದಿನ ಬದುಕಿದಳು. ನನ್ನ ಮೇಜು ಮಾತ್ರ ಈವತ್ತಿಗೂ ವರಾಂಡದಲ್ಲೇ ಇದೆ, ಮಳೆ ಬಂದರೆ ಪ್ಲಾಸ್ಟಿಕ್ ಹೊದಿಸುತ್ತೇನೆ.

ತೀವ್ರ ನೋವಿಗೆ ಕೊಡುವ ಮಾರ್ಫೀನ್ ವಿಷಯಕ್ಕೆ ಬಂದರೆ ನಾವಿಬ್ಬರೂ ಒಂದೇ ಪಕ್ಷ. ಅದು ಲೆಕ್ಕಪತ್ರ ಬಿಗಿಯಾಗಿರುವ ಔಷಧಿ, ಸಹಿಯ ಮೇಲೆ ಸಹಿ ಬೇಕು. ಒಂದು ವರ್ಷ ಸಂಕ್ರಾಂತಿಯ ಮುಂಚೆ ಒಂದು ಕಚೇರಿಯಲ್ಲಿ ನಮ್ಮ ಕಾಗದ ನಿಂತುಹೋಯಿತು. ನಾನು ನಾಲ್ಕು ಸಲ ಹೋಗಿ ಬಂದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ. ಬೀರುವಿನಲ್ಲಿ ಒಂದು ವಾರಕ್ಕೆ ಆಗುವಷ್ಟು ಮಾತ್ರೆ ಉಳಿದಿತ್ತು. ಐದನೆಯ ಸಲ ಸಿಸ್ಟರು ತಾವೂ ಬರುತ್ತೇನೆಂದು ಹೊರಟರು. ಕೈಯಲ್ಲಿ ಒಂದು ದೊಡ್ಡ ಚೀಲ. ಸಾಹೇಬರ ಬಾಗಿಲ ಎದುರಿನ ಬೆಂಚಿನಲ್ಲಿ ಕೂತು ಚೀಲದಿಂದ ಅವರೆಕಾಯಿ ತೆಗೆದು ಸುಲಿಯತೊಡಗಿದರು. ಹನ್ನೊಂದು ಗಂಟೆಯಿಂದ ನಾಲ್ಕರ ತನಕ ಸುಲಿದರು. ಯಾರೊಂದಿಗೂ ಜಗಳವಿಲ್ಲ. ಜವಾನ ಬಂದು, "ಏನಮ್ಮಾ ಇದು, ಆಫೀಸು" ಎಂದ. "ನನ್ಗೇನು ಅರ್ಜೆಂಟಿಲ್ಲ ಕಣಪ್ಪ, ಸಾಹೇಬ್ರು ಬುಡುವಾದಾಗ ಬರ್ಲಿ. ಕಾಯಿ ಮುಗುದ್ರೆ ಕಾಳು ಇತುಕ್ತೀನಿ" ಎಂದರು. ಇಡೀ ಕಚೇರಿಗೆ ಅವರೆಯ ಸೊಗಡು ಹಬ್ಬಿತು. ನಾಲ್ಕೂಕಾಲಿಗೆ ಸಹಿ ಬಿತ್ತು.

ಇಷ್ಟನ್ನೇ ಬರೆದು ನಿಲ್ಲಿಸಿದರೆ ಅವರನ್ನು ಜಾಣೆ, ಗಟ್ಟಿಗಿತ್ತಿ ಎಂದು ಎಲ್ಲರೂ ಮೆಚ್ಚಿಯಾರು. ಆದರೆ ಅವರಿಂದ ಕೆಟ್ಟದ್ದೂ ಆಗಿದೆ.

ಮಂಡಿ ಮೊಹಲ್ಲಾದಲ್ಲಿ ಮೆಣಸಿನಕಾಯಿ ಸಗಟು ಅಂಗಡಿ ಇಟ್ಟ ಮನೆಯವರು ತಮ್ಮ ತಾಯಿಯನ್ನು ಕರೆತಂದಿದ್ದರು. ಆಕೆಗೆ ಊಟ ಸೇರುತ್ತಿರಲಿಲ್ಲ. ಮೊದಲಿದ್ದ ಕಡೆ ದಿನಾ ಗ್ಲೂಕೋಸ್ ಹಾಕಿಸಿ ಹಾಕಿಸಿ ಕಾಲು ಕಂಬದಂತೆ ಊದಿತ್ತು, ಎದೆಯಲ್ಲಿ ಗೊರಗೊರ ಶಬ್ದ. ಕೊನೆಯ ಹಂತದಲ್ಲಿ ದೇಹ ನೀರನ್ನು ಬಳಸಿಕೊಳ್ಳುವುದಿಲ್ಲ, ಹಾಕಿದ ನೀರು ಕಾಲಿಗೂ ಶ್ವಾಸಕೋಶಕ್ಕೂ ಇಳಿದು ಹಿಂಸೆ ಕೊಡುತ್ತದೆ. ಇದನ್ನು ನಾನು ಹಿರಿಮಗನಿಗೆ ಕಾಲು ಗಂಟೆ ನಿಧಾನವಾಗಿ ಹೇಳಿದ್ದೆ. ಅವನು ತಲೆದೂಗಿದ್ದ. ಒಳಗೆ ಹೋದವನೇ ಸಿಸ್ಟರಿಗೆ, "ಎಲ್ಲಾ ಸರಿ, ಒಂದು ಬಾಟ್ಲು ಹಾಕಿ. ಹೊಟ್ಟೆಗಿಲ್ದೆ ಸಾಯ್ಸಕ್ಕಾಗತ್ತಾ ಹೆತ್ತೋಳ್ನ" ಎಂದ.

ಸಿಸ್ಟರು ಅವನ ಕೈ ಹಿಡಿದು, ಅವನ ಹೆಬ್ಬೆರಳನ್ನೇ ತಾಯಿಯ ಪಾದಕ್ಕೆ ಒತ್ತಿಸಿದರು. ಗುಳಿ ಬಿತ್ತು. ಬಿದ್ದ ಗುಳಿ ಹಾಗೇ ಉಳಿಯಿತು. "ನೋಡಿ, ಇದು ನೀವು ಆಕ್ಸಿದ ನೀರು. ಇನ್ನೆಲ್ಲಿ ಆಕ್ಲಿ, ಯೋಳಿ" ಎಂದರು.

ಅವನ ಮುಖ ನೋಡಿದಾಗಲೇ ಕೆಟ್ಟಿತು ಎಂದುಕೊಂಡೆ. ಒಂದು ಗಂಟೆಯೊಳಗೆ ಆಂಬುಲೆನ್ಸ್ ಬಂತು. ಆ ತಾಯಿ ಇನ್ನೊಂದು ಆಸ್ಪತ್ರೆ ತಲುಪುವ ಮುಂಚೆ ಆಂಬುಲೆನ್ಸಿನಲ್ಲೇ ತೀರಿಕೊಂಡರು ಎಂದು ಸಂಜೆ ಗೊತ್ತಾಯಿತು.

"ಸ್ವಲ್ಪ ಮೆತ್ತಗೆ ಹೇಳಿದ್ರೆ ಇಲ್ಲೇ ಇರೋರು. ಹಾಸಿಗೆ ಮೇಲೆ ಹೋಗಿರೋರು ಆಕೆ" ಎಂದು ನಾನು ರೇಗಿದೆ.

"ನಾನು ಸುಳ್ಳು ಯೋಳ್ಲಿಲ್ಲ."

"ನಿಜ ಹೇಳೋಕೂ ಒಂದು ರೀತಿ ಇದೆ ಸಿಸ್ಟರ್."

ಅಂದು ಅವರು ತಂದಿದ್ದ ಬುತ್ತಿಯ ಮುಚ್ಚಳ ತೆಗೆಯಲಿಲ್ಲ. ಎರಡು ದಿನ ಬಿಟ್ಟು ನನ್ನ ಮೇಜಿನ ಹತ್ತಿರ ಬಂದು, "ನೀವು ಯೋಳಿದ್ದು ಸರಿ. ಇನ್ಮೇಲೆ ಅಂಗೆ ಆದ್ರೆ ನನ್ನ ಆಚೆ ಕರ್ಕೊಂಡ್ಬನ್ನಿ" ಎಂದರು. ಆಮೇಲೂ ಹಾಗೆ ಆಯಿತು, ಐದಾರು ಸಲ ಆಯಿತು. ನಾನು ಕರೆದಾಗ ಅವರು ಆಚೆ ಬರಲಿಲ್ಲ.

ಇನ್ನು ಅಕ್ಕನ ವಿಷಯ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಅಮ್ಮ ಹೋದಾಗ ನನಗೆ ಎಂಟು. ಆಮೇಲೆ ನನ್ನನ್ನು ಸಾಕಿದವಳು ಅಕ್ಕನೇ. ಮಂಡಿ ಮೊಹಲ್ಲಾದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಮದುವೆಯಾಗಲಿಲ್ಲ. ತಮ್ಮನಿಗಾಗಿ ತ್ಯಾಗ ಮಾಡಿದಳು ಎಂದು ಯಾರಾದರೂ ಅಂದರೆ, "ಎಂಥ ತ್ಯಾಗವೂ ಇಲ್ಲ ಕಣ್ರೀ, ಒಪ್ಪೋ ಗಂಡು ಸಿಗ್ಲಿಲ್ಲ" ಎಂದು ಸೂಜಿಗೆ ದಾರ ಪೋಣಿಸುತ್ತ ಹೇಳುತ್ತಿದ್ದಳು. ಅರವತ್ತೆರಡಕ್ಕೆ ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಆಯಿತು, ಕೀಮೋ ಆಯಿತು. ಒಂದೂವರೆ ವರ್ಷ ಚೆನ್ನಾಗಿದ್ದಳು. ಮತ್ತೆ ಬಂತು. ಹೊಟ್ಟೆಯಲ್ಲಿ ನೀರು ತುಂಬತೊಡಗಿತು, ಕರುಳು ಕಟ್ಟಿಕೊಂಡು ವಾಂತಿ. ಇನ್ನು ಕೀಮೋದಿಂದ ಉಪಯೋಗ ಕಡಿಮೆ ಎಂದು ನೋಡುತ್ತಿದ್ದ ಡಾಕ್ಟರೇ ಹೇಳಿದರು.

ಬೇರೆ ಯಾರಾದರೂ ಈ ಕಾಗದಪತ್ರ ಹಿಡಿದು ನನ್ನ ಮೇಜಿಗೆ ಬಂದಿದ್ದರೆ ಏನು ಹೇಳುತ್ತಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಸಾವಿರ ಸಲ ಹೇಳಿದ ಮಾತು. ನನ್ನ ಅಕ್ಕನ ವಿಷಯಕ್ಕೆ ಬಂದಾಗ ಅದು ನನಗೆ ಕೇಳಿಸಲಿಲ್ಲ. ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ, ಹೆಸರು ಬೇಡ, ಇನ್ನೊಂದು ಬಗೆಯ ಕೀಮೋ ಕೊಟ್ಟು ನೋಡಬಹುದು ಎಂದರು. ನೋಡಬಹುದು ಎಂದರಲ್ಲ, ಅಷ್ಟು ಸಾಕಾಯಿತು. ಅಕ್ಕನಿಗೆ, "ಹೊಟ್ಟೆಯ ನೀರು ತೆಗೆದು ಒಂದು ಇಂಜೆಕ್ಷನ್ ಕೊಡ್ತಾರೆ, ಸರಿಹೋಗ್ತೀಯ" ಎಂದೆ.

ಸುದ್ದಿ ತಿಳಿದು ಸಿಸ್ಟರು ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ಜಗಳ ಶುರುವಾಯಿತು.

"ಏನ್ ಮಾಡೋಕೆ ಒಂಟಿದ್ದೀರಿ ಸಾರ್ ನೀವು? ಆ ಕಾಗ್ದ ಬೇರೆಯೋರ್ದು ಅಂದ್ಕೊಂಡು ಒಂದು ಸಲ ಓದಿ."

"ಬೇರೆಯವರದಲ್ಲ. ನನ್ನ ಅಕ್ಕನದು. ನೀವು ಇದರಲ್ಲಿ ಬರಬೇಡಿ."

"ನಿಮ್ಮನ್ನ ಕೇಳಕ್ಕೆ ಬಂದಿಲ್ಲ ನಾನು" ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದರು. ಅಕ್ಕನ ಕೋಣೆಯ ಬಾಗಿಲು ಹಾಕಿಕೊಂಡರು. ನನ್ನ ಹೆಂಡತಿ ಕಾಫಿ ಮಾಡಿದಳು, ಅದು ಆರಿಹೋಯಿತು. ಇಪ್ಪತ್ತು ನಿಮಿಷದ ಮೇಲೆ ಹೊರಗೆ ಬಂದ ಸಿಸ್ಟರ ಮುಖ ಗಂಟಿಕ್ಕಿತ್ತು. ಅವರು ಬಾಯಿ ತೆರೆದರೆ ಹೇಳಬೇಕೆಂದು ನಾನು ಒಂದು ಭಾಷಣವನ್ನೇ ಸಿದ್ಧ ಮಾಡಿಕೊಂಡಿದ್ದೆ. ಅದು ಬೇಕಾಗಲಿಲ್ಲ.

"ಕರ್ಕೊಂಡೋಗಿ" ಎಂದರು. ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದರು.

ಗೆದ್ದೆ ಎಂದುಕೊಂಡೆ. ಇಷ್ಟು ಸುಲಭಕ್ಕೆ ಬಿಡುವವರಲ್ಲವಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಅದನ್ನು ಯೋಚಿಸಲು ಪುರಸೊತ್ತಿರಲಿಲ್ಲ.

ಅಕ್ಕ ಆ ಆಸ್ಪತ್ರೆಯಲ್ಲಿ ಮೂರು ವಾರ ಇದ್ದಳು. ಮೂಗಿನಲ್ಲಿ ಟ್ಯೂಬು, ಕುತ್ತಿಗೆಯಲ್ಲಿ ಸೂಜಿ. ಕೀಮೋ ಕೊಟ್ಟ ನಾಲ್ಕನೆಯ ದಿನಕ್ಕೆ ಸೋಂಕು ತಗುಲಿ ಐಸಿಯುಗೆ ಸಾಗಿಸಿದರು. ಅಲ್ಲಿ ಐದು ದಿನ. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ನೋಡಲು ಬಿಡುತ್ತಿದ್ದರು. ಟ್ಯೂಬು ಕಿತ್ತುಕೊಳ್ಳಬಾರದೆಂದು ಕೈಗಳನ್ನು ಮಂಚಕ್ಕೆ ಬಟ್ಟೆಯಿಂದ ಕಟ್ಟಿದ್ದರು. ಇಡೀ ಮಂಡಿ ಮೊಹಲ್ಲಾಕ್ಕೆ ರವಿಕೆ ಹೊಲಿದ ಕೈ.

ಸಿಸ್ಟರು ದಿನ ಬಿಟ್ಟು ದಿನ, ಡ್ಯೂಟಿ ಮುಗಿಸಿ ಸಿಟಿ ಬಸ್ಸು ಹಿಡಿದು ಬರುತ್ತಿದ್ದರು. ಅಕ್ಕನ ಒಣಗಿದ ತುಟಿಗೆ ಒದ್ದೆ ಬಟ್ಟೆ ಒತ್ತುವುದು, ಬಾಯಿ ಒರೆಸುವುದು, ಪಾದ ತಿಕ್ಕುವುದು. ನನ್ನ ಕಡೆ ನೋಡುತ್ತಿರಲಿಲ್ಲ. ಒಂದು ದಿನ ಮಾತ್ರ ಮಂಚದ ತುದಿಯ ಚಾರ್ಟನ್ನು ತೆಗೆದು ನನ್ನ ಮುಂದೆ ಹಿಡಿದರು.

"ನೋವಿಗೆ ಏನ್ ಬರ್ದವ್ರೆ ಓದಿ."

ಪ್ಯಾರಾಸಿಟಮಾಲ್ ಎಂದಿತ್ತು. ನಾನು ಫಾರ್ಮಸಿಸ್ಟ್. ಎರಡು ವಾರದಿಂದ ರಕ್ತದ ರಿಪೋರ್ಟುಗಳನ್ನೆಲ್ಲ ಬಾಯಿಪಾಠ ಮಾಡಿದ್ದವನು ಆ ಸಾಲನ್ನು ನೋಡಿರಲಿಲ್ಲ. ವಾರ್ಡಿನ ಡಾಕ್ಟರನ್ನು ಕೇಳಿದೆ. ಮಾರ್ಫೀನ್ ನಮ್ಮಲ್ಲಿ ಇಟ್ಟಿಲ್ಲ ಎಂದರು, ಕೊಟ್ಟರೆ ಉಸಿರಿಗೆ ತೊಂದರೆಯಾದೀತು ಎಂದೂ ಸೇರಿಸಿದರು. ಅಳತೆ ತಿಳಿದು ಕೊಟ್ಟರೆ ಹಾಗೇನೂ ಆಗುವುದಿಲ್ಲ ಎಂದು ನಾನು ಎಷ್ಟು ಮನೆಯವರಿಗೆ ತಿಳಿಸಿ ಹೇಳಿಲ್ಲ. ಅಲ್ಲಿ ನನ್ನ ಬಾಯಿ ಕಟ್ಟಿಹೋಯಿತು. ಇವರನ್ನು ಎದುರು ಹಾಕಿಕೊಂಡರೆ ಅಕ್ಕನನ್ನು ಸರಿಯಾಗಿ ನೋಡದೆ ಹೋದಾರು ಎಂಬ ಹೆದರಿಕೆ. ಸಿಸ್ಟರು ಮಾತ್ರ ಕಾರಿಡಾರಿಗೆಲ್ಲ ಕೇಳುವಂತೆ ಕೂಗಿದರು. ಸೆಕ್ಯೂರಿಟಿಯವನು ಬಂದು ಅವರನ್ನು ಆಚೆ ಕಳಿಸಿದ. ನಾನು ಅಲ್ಲೇ ನಿಂತಿದ್ದೆ, ತಡೆಯಲಿಲ್ಲ.

ಮೂರು ವಾರವಾದ ಮೇಲೆ ಅವರೇ, ಇನ್ನು ನಾವು ಮಾಡುವುದೇನೂ ಇಲ್ಲ ಎಂದರು. ಅಕ್ಕನನ್ನು ನಮ್ಮಲ್ಲಿಗೆ ಕರೆತಂದೆ. ಸಿಸ್ಟರು ಅವಳನ್ನು ಬೆಟ್ಟ ಕಾಣುವ ಕೊಠಡಿಗೆ ಹಾಕಿದರು. ಡಾಕ್ಟರು ಬಂದು ನೋಡಿದರು, ಮೂಗಿನ ಟ್ಯೂಬು ಹೋಯಿತು, ಚರ್ಮದಡಿ ಸಣ್ಣ ಸೂಜಿಯಿಟ್ಟು ಮಾರ್ಫೀನ್ ಮತ್ತು ವಾಂತಿಯ ಔಷಧಿ ಶುರುವಾಯಿತು. ಎರಡನೆಯ ದಿನ ಅಕ್ಕ ಎಳನೀರನ್ನು ಮಂಜುಗಡ್ಡೆ ಮಾಡಿದ್ದನ್ನು ಚೀಪಿದಳು. ಮೂರನೆಯ ದಿನ ನನ್ನ ಅಂಗಿಯ ಕಾಲರು ನೋಡಿ, "ಯಾರೋ ಹೊಲಿದೋರು, ಸೊಟ್ಟಗಿದೆ" ಎಂದಳು. ಐದನೆಯ ದಿನ ಬೆಳಿಗ್ಗೆ ಹೋದಳು. ಮುಖದಲ್ಲಿ ಗಂಟಿರಲಿಲ್ಲ.

ಸಿಸ್ಟರು ನನಗೆ ಒಂದು ಮಾತೂ ಅನ್ನಲಿಲ್ಲ. ಅವತ್ತೂ ಇಲ್ಲ, ಮುಂದಿನ ಎರಡು ವರ್ಷವೂ ಇಲ್ಲ. ಅಂದಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಆಡಬಹುದಿತ್ತು. ಆಡದೆ ಉಳಿದದ್ದು ಬೇರೆ ದಾರಿ ಹುಡುಕಿಕೊಂಡಿತು. ರೋಗಿಗಳ ಮನೆಯವರು ವರಾಂಡದ ನನ್ನ ಮೇಜಿನ ಮುಂದೆ ಕೂತು, "ಇನ್ನೊಂದು ಕಡೆ ತೋರಿಸಿ ನೋಡೋಣವಾ ಸಾರ್, ನಿಮ್ಮ ಮನೆಯವರಾಗಿದ್ರೆ ಏನು ಮಾಡ್ತಿದ್ರಿ?" ಎಂದು ಕೇಳುತ್ತಿದ್ದರು. ನಾನು, "ನನ್ನ ಅಕ್ಕನಿಗೆ ಕೊನೇ ತನಕ ಎಲ್ಲಾ ಮಾಡಿಸಿದೆ. ನನಗೆ ಕೊರಗಿಲ್ಲ" ಎನ್ನುತ್ತಿದ್ದೆ. ಹೇಳುವಾಗ ಎದೆ ಹಗುರಾಗುತ್ತಿತ್ತು. ಅದನ್ನು ಕೇಳಿ ಕೆಲವರು ರೋಗಿಯನ್ನು ಎಬ್ಬಿಸಿಕೊಂಡು ಬೇರೆ ಆಸ್ಪತ್ರೆಗೆ ಹೋದರು. ಎಷ್ಟು ಜನ ಎಂದು ನಾನು ಎಣಿಸಲಿಲ್ಲ.

ಸಿಸ್ಟರು ಎಣಿಸಿದ್ದರು.

ಕಾರ್ಯದರ್ಶಿಗಳು ಕೇಳಿದ ಊರು, ಓದು, ವರ್ಷಗಳನ್ನು ಬರೆದುಕೊಳ್ಳಲು ಕಳೆದ ತಿಂಗಳು ರಾಜೀವನಗರದ ಅವರ ಮನೆಗೆ ಹೋದೆ. ಭಾನುವಾರ ಮಧ್ಯಾಹ್ನ. ಒಳಗೆ ಬಸ್ಸಾರು ಕುದಿಯುತ್ತಿತ್ತು. ಹುಟ್ಟಿದ ಊರಿನ ಹೆಸರು ಹೇಳಿದರು. ನರ್ಸಿಂಗ್ ಓದಿದ್ದು ಎಲ್ಲಿ ಎಂದೆ. ಅದಕ್ಕೆ ಉತ್ತರ ಕೊಡದೆ, "ಓದ ವಾರ ಆ ಮೂರ್ನೇ ಆಸ್ಗೆ ಟೀಚರಮ್ಮನ ಗಂಡಂಗೆ ಏನ್ ಯೋಳಿದ್ರಿ ನೀವು?" ಎಂದು ಕೇಳಿದರು.

"ಏನು ಹೇಳಿದೆ? ಕೇಳಿದ್ರು, ನನ್ನ ಅನುಭವ ಹೇಳಿದೆ."

"ಕೊರಗಿಲ್ಲ ಅಂದ್ರಿ."

"ಹೌದು. ಇಲ್ಲ."

ಸಿಸ್ಟರು ಎದ್ದುಹೋಗಿ ಒಲೆ ಸಣ್ಣ ಮಾಡಿ ಬಂದು ಕೂತರು. "ಇದನ್ನ ನಾನು ಯೋಳ್ಬಾರ್ದು. ಯೋಳಲ್ಲ ಅಂತ ಮಾತು ಕೊಟ್ಟಿದ್ದೆ. ಅವತ್ತು ನಿಮ್ಮನೆಗೆ ಬಂದಾಗ ನಿಮ್ಮಕ್ಕನ್ನ ಕೇಳ್ದೆ. ಏನ್ ಮಾಡನಮ್ಮ, ಅಲ್ಲಿಗೆ ಓಗ್ತೀರಾ, ಇಲ್ಲಾ ನಮ್ಮತ್ರ ಬತ್ತೀರಾ ಅಂತ. 'ನನಗೆ ಎಲ್ಲಾ ಗೊತ್ತು ಸಿಸ್ಟರ್, ಸಾಕಾಗಿದೆ, ನಿಮ್ಮ ಹತ್ರಾನೇ ಬರೋ ಆಸೆ' ಅಂದ್ರು. ಸರಿ, ನಿಮ್ಮ ತಮ್ಮಂಗೆ ನಾನು ಯೋಳ್ತೀನಿ ಅಂತ ಎದ್ದೆ. ಕೈ ಹಿಡ್ಕಂಡ್ರು. 'ಬೇಡ. ಅವನು ಏನೂ ಮಾಡ್ದೆ ಬಿಟ್ರೆ ಅದೇ ಕೊರಗಲ್ಲಿ ಸಾಯ್ತಾನೆ. ನನಗೇನು, ಒಂದೆರಡು ವಾರ ತಾನೆ. ಮಾಡ್ಲಿ. ನಾನು ತಡ್ಕೋತೀನಿ' ಅಂದ್ರು."

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ನಾನು ಆಸ್ಗೆ ಮೇಲಿರೋರ ಮಾತು ಕೇಳೋಳು. ಅವ್ರು ಯೋಳಿದ್ದು ಅದು. ಏನ್ ಮಾಡ್ಲಿ, ಯೋಳಿ. ಇಷ್ಟು ವರ್ಷದಲ್ಲಿ ಅವತ್ತು ಬಂದಂಗೆ ಕ್ವಾಪ ನನಗೆ ಯಾವತ್ತೂ ಬಂದಿಲ್ಲ. ನಿಮ್ಮ ಮೇಲಲ್ಲ. ಅವ್ರ ಮೇಲೆ."

"ಮಾತು ಕೊಟ್ಟ ಮೇಲೆ ಈಗ ಯಾಕೆ ಹೇಳ್ತಿದ್ದೀರಿ?"

"ಇನ್ನೂ ಎಷ್ಟು ಜನರ ಅಕ್ಕಂದಿರ್ನ ಅಲ್ಲಿಗೆ ಕಳಿಸ್ತೀರಿ ನೀವು? ಈ ವರ್ಸ ಏಳು ಜನ ಎದ್ದೋದ್ರು. ಈ ತಿಂಗ್ಳು ಕಳುದ್ರೆ ನಾನೂ ಅಲ್ಲಿ ಇರಲ್ಲ."

ನಾನು ಕೇಳಬಾರದ್ದನ್ನು ಕೇಳಿದೆ. ಎರಡು ವರ್ಷದಿಂದ ಯಾರನ್ನೂ ಕೇಳದೆ ಉಳಿದಿದ್ದ ಪ್ರಶ್ನೆ. "ಆ ಮೂರು ವಾರ ಅವಳಿಗೆ ನೋವಿತ್ತಾ?"

"ಇತ್ತು."

"ತುಂಬಾನಾ?"

"ಇತ್ತು ಅಂದ್ನಲ್ಲ ಸಾರ್."

ಇನ್ನೊಬ್ಬರಾಗಿದ್ದರೆ, ಇಲ್ಲ ಬಿಡಿ, ಅವರಿಗೆ ಅಷ್ಟೊಂದು ಪ್ರಜ್ಞೆ ಇರಲಿಲ್ಲ ಎನ್ನುತ್ತಿದ್ದರು. ನಾನೇ ಎಷ್ಟೋ ಜನರಿಗೆ ಹಾಗೆ ಹೇಳಿ ಕಳಿಸಿದ್ದೇನೆ. ಎದ್ದೆ, ನೋಟ್‌ಬುಕ್ಕು ಮಡಚಿದೆ, ಹೇಳದೆ ಕೇಳದೆ ಹೊರಟೆ. ಸ್ಕೂಟರು ಬೀದಿಯ ಕೊನೆಯ ತಿರುವು ತಲುಪುವ ಹೊತ್ತಿಗೆ ಜೇಬಿನಲ್ಲಿ ಫೋನು ಬಡಿಯಿತು. ನಿಲ್ಲಿಸಿ ತೆಗೆದುಕೊಂಡೆ.

"ಎಲ್ಮೆಟ್ ಬುಟ್ಟೋಗಿದ್ದೀರಿ."

ಬೇಡ ಇಟ್ಟುಕೊಳ್ಳಿ ಎನ್ನೋಣವೆನಿಸಿತು. ಮುಂದಿನ ಸರ್ಕಲ್ಲಿನಲ್ಲಿ ಪೊಲೀಸರು ನಿಂತಿರುತ್ತಾರೆ. ಅಂಥ ಸಿಟ್ಟಿನಲ್ಲೂ ಅದು ನೆನಪಾಯಿತಲ್ಲ ಎಂದು ನನ್ನ ಮೇಲೆಯೇ ಇನ್ನಷ್ಟು ಸಿಟ್ಟು ಬಂತು. ಗಾಡಿ ತಿರುಗಿಸಿದೆ. ಸಿಸ್ಟರು ಗೇಟಿನ ಹತ್ತಿರ ಹೆಲ್ಮೆಟ್ ಹಿಡಿದು ನಿಂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ, "ಬೈಯೋದಾದ್ರೆ ಒಳಗೆ ಬಂದು ಬೈಯ್ರಿ. ಬೀದೀಲಿ ಬ್ಯಾಡ" ಎಂದರು.

ಒಳಗೆ ಹೋದೆ. ಬೈದೆ. ಆಗಲೇ ಹೇಳಬೇಕಿತ್ತು ಎಂದು ಬೈದೆ. ಈಗ ಹೇಳಬಾರದಿತ್ತು ಎಂದೂ ಬೈದೆ. ಕೊಟ್ಟ ಮಾತು ಉಳಿಸಿಕೊಳ್ಳುವ ಯೋಗ್ಯತೆ ಇಲ್ಲ ಎಂದೆ. ಮೂರು ವಾರ ಎಲ್ಲ ಗೊತ್ತಿದ್ದೂ ಬಂದು ಪಾದ ತಿಕ್ಕಿ ಹೋದಿರಲ್ಲ ಎಂದೆ. ನನ್ನ ದನಿ ಹೋಗುವವರೆಗೂ ಬೈದೆ. ಸಿಸ್ಟರು ನಡುವೆ ತಟ್ಟೆ ಹಾಕಿ, ಮುದ್ದೆ ಇಟ್ಟು, ಸಾರು ಬಿಟ್ಟರು. ಎದುರು ಕೂತು ಪೂರ್ತಿ ಕೇಳಿಸಿಕೊಂಡರು.

ನಾನು ನಿಲ್ಲಿಸಿದ ಮೇಲೆ ಹೇಳಿದರು: "ನನ್ನ ಬೈದಿದ್ದಾಯ್ತು. ಇನ್ನು ನಿಮ್ಮಕ್ಕನ್ನ ಬೈಯ್ರಿ. ಅವ್ರೂ ಮಾಡಬಾರ್ದ್ ಕೆಲ್ಸ ಮಾಡವ್ರೆ."

ಅಕ್ಕನನ್ನು ಬೈಯಲು ಬಾಯಿ ತೆರೆದೆ. ಬಂದದ್ದು ಬೈಗುಳವಲ್ಲ. ಸಿಸ್ಟರು ಎದ್ದು ಹೋಗಿ, ಬೀದಿಯವರಿಗೆ ಕಾಣದಂತೆ, ಮುಂಬಾಗಿಲು ಹಾಕಿಕೊಂಡು ಬಂದರು.